ಬೆಂಕಿ ತೋರಿಸದ ಮಣ್ಣು

ಪುಂಜಾಲಕಟ್ಟೆಯ ಬಸ್ಸಿನಿಂದ ಇಳಿದು ಬಂದ ಆ ಮನುಷ್ಯ ನನ್ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಚೀಲದಲ್ಲಿ ಬುಡಸಮೇತ ಕಿತ್ತ ಬಸಳೆ ಬಳ್ಳಿ ಇತ್ತು. ಎಲೆಗಳು ಹಳದಿಗೆ ತಿರುಗಿ ಮುದುಡಿದ್ದವು. ಬೇರು ನೋಡಲು ಭೂತಗನ್ನಡಿ ಬೇಕಿರಲಿಲ್ಲ. ಹಸಿಶುಂಠಿಯ ಹಾಗೆ ಗಂಟುಗಂಟಾಗಿ ಊದಿಕೊಂಡಿತ್ತು.

"ಇದಕ್ಕೊಂದು ದಾರಿ ಹೇಳಿ ಮೇಡಂ. ಮೂರು ವರ್ಷ ಆಯ್ತು, ಹೀಗೇ" ಎಂದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಬಂಟ್ವಾಳದಲ್ಲಿ ಸಸ್ಯರೋಗ ಪರೀಕ್ಷೆಗೆಂದು ಒಂದೇ ಕೋಣೆಯ ಕಚೇರಿ ಇತ್ತು. ಅದರೊಳಗೆ ಒಂದು ಸೂಕ್ಷ್ಮದರ್ಶಕ, ಒಂದು ಸಿಂಕು, ಒಂದು ಟೇಬಲ್ ಫ್ಯಾನು ಮತ್ತು ನಾನು. ಬೇರಿನ ಹುಳಗಳ ಬಗ್ಗೆ ತರಬೇತಿ ಪಡೆದವರು ಆಸುಪಾಸಿನಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಜನ ನನ್ನನ್ನು 'ಹುಳದ ಮೇಡಂ' ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ ಅನ್ನುತ್ತಿದ್ದರು. ನನಗೂ ಅದರಲ್ಲಿ ಸ್ವಲ್ಪ ಹೆಮ್ಮೆ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಗಂಟೊಂದನ್ನು ಸೂಜಿಯಿಂದ ಸೀಳಿ ಗಾಜಿನ ಮೇಲೆ ಇಟ್ಟೆ. ಒಳಗೆ ಮುತ್ತಿನ ಬಣ್ಣದ, ಸಾಸಿವೆಗಿಂತಲೂ ಚಿಕ್ಕದಾದ ದುಂಡನೆಯ ಹೆಣ್ಣುಹುಳಗಳು. ಬೇರುಗಂಟು ಜಂತುಹುಳ. ಇದರ ಮರಿ ಕಣ್ಣಿಗೆ ಕಾಣದ ನೂಲಿನೆಳೆಯಂತಿದ್ದು, ಬೇರಿನೊಳಗೆ ನುಗ್ಗಿ ಒಂದೆಡೆ ಕುಳಿತು ಊದುತ್ತದೆ. ಬೇರೂ ಅದರ ಸುತ್ತ ಊದುತ್ತದೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಬಸಳೆ ಎಂದರೆ ಅದಕ್ಕೆ ಪ್ರಾಣ.

ಬಂದವರನ್ನು ಊರಿನವರೆಲ್ಲ ಕಾಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹದಿನಾಲ್ಕು ವರ್ಷ ಗಲ್ಫಿನಲ್ಲಿದ್ದು ಊರಿಗೆ ಮರಳಿದ ಬ್ಯಾರಿ ಮುಸ್ಲಿಮರು. ಪುಂಜಾಲಕಟ್ಟೆಯ ಹತ್ತಿರ ಮೂವತ್ತು ಸೆಂಟ್ಸ್ ಜಾಗದಲ್ಲಿ ಸಾಲಾಗಿ ಚಪ್ಪರ ಹಾಕಿ ಬಸಳೆ ಬೆಳೆಸಿ, ಬಂಟ್ವಾಳ ಮತ್ತು ಬೆಳ್ತಂಗಡಿಯ ಅಂಗಡಿಗಳಿಗೆ ಕಟ್ಟುಕಟ್ಟಾಗಿ ಕೊಡುತ್ತಿದ್ದರು. ಮೊದಲ ವರ್ಷ ಚೆನ್ನಾಗಿಯೇ ಬಂತಂತೆ. ಆಮೇಲಿನ ಪ್ರತಿ ವರ್ಷವೂ ಎರಡು ತಿಂಗಳು ರಾಜನ ಹಾಗೆ ಎದ್ದ ಬಳ್ಳಿ ಮೂರನೇ ತಿಂಗಳಲ್ಲಿ ಹಳದಿಯಾಗಿ ಕುಸಿಯುತ್ತಿತ್ತು.

"ಅಂಗಡಿಯವರು ಗುಳಿಗೆ ಮದ್ದು ಕೊಡ್ತೇನೆ ಅಂದ್ರು. ಮನೆಯವಳು ಬಿಡ್ಲಿಲ್ಲ. ವಾರ ವಾರ ಕೊಯ್ಯುವ ಸೊಪ್ಪು, ನಾವೂ ತಿನ್ನುದು, ಊರಿನವರೂ ತಿನ್ನುದು, ಬುಡಕ್ಕೆ ವಿಷ ಹಾಕಿದ್ರೆ ನಾನು ಕೊಯ್ಲಿಕ್ಕೆ ಬರ್ಲಿಕ್ಕಿಲ್ಲ ಅಂತ."

"ಅವರು ಹೇಳಿದ್ದು ಸರಿ ಕಾಕ. ಅದು ಬೇಡವೇ ಬೇಡ."

"ಹಾಗಾದ್ರೆ ನಾನು ಪುನಃ ಗಲ್ಫಿಗೆ ಹೋಗ್ಬೇಕಾಗ್ತದೆ ಮೇಡಂ" ಎಂದು ಅವರು ಕಿಟಕಿಯಾಚೆ ನೋಡಿದರು. ದೊಡ್ಡ ಹೆಣ್ಣುಮಕ್ಕಳಿಬ್ಬರು ಮಾತು ಕಲಿತದ್ದನ್ನು ಅವರು ಕೇಳಿದ್ದು ಮನೆಯಿಂದ ಕಳಿಸಿದ ಕ್ಯಾಸೆಟ್ಟಿನಲ್ಲಂತೆ. ಮೂರನೆಯವಳದ್ದನ್ನು ಮಾತ್ರ ಕಿವಿಯಾರೆ ಕೇಳಿದ್ದು. ಅವಳೀಗ ಒಂದನೇ ಕ್ಲಾಸು. ಇಷ್ಟನ್ನು ಅವರು ಬೇರಿನ ಮೇಲೆ ಕೈಯಿಟ್ಟುಕೊಂಡು, ಬೇರಿನ ಬಗ್ಗೆಯೇ ಹೇಳುತ್ತಿರುವಂತೆ ಹೇಳಿದರು.

ನಾನು ಡ್ರಾಯರಿನಿಂದ ನಮ್ಮ ಕರಪತ್ರ ತೆಗೆದು ಕೊಟ್ಟೆ. ಅದರ ಕನ್ನಡ ನನ್ನದೇ. ಒಂದೇ ಜಾಗದಲ್ಲಿ ಬಸಳೆಯನ್ನು ವರ್ಷ ವರ್ಷ ಹಾಕಬಾರದು, ಬೇವಿನ ಹಿಂಡಿ ಹಾಕಬೇಕು, ನಡುವೆ ಚೆಂಡುಹೂ ನೆಡಬೇಕು, ಗಂಟುಬೇರುಗಳನ್ನು ಕಿತ್ತು ಸುಟ್ಟುಹಾಕಬೇಕು. ಕಾಕ ನಿಧಾನವಾಗಿ ಓದಿ, ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. "ಸುಡುದು ಮಾಡ್ತೇನೆ ಮೇಡಂ. ಮೊದಲಿಂದಲೂ ಮಾಡ್ತಾ ಇದ್ದೇನೆ" ಎಂದರು.

ಅದು ನಿಜವೆಂದು ಮರುವಾರ ಅವರ ಜಾಗಕ್ಕೆ ಹೋದಾಗ ಕಂಡಿತು. ಬೇಲಿಯ ಪಕ್ಕದಲ್ಲಿ ಸುಡುಮಣ್ಣಿನ ರಾಶಿ. ಸುಡುಮಣ್ಣು ನಮ್ಮ ಕಡೆಯ ಹಳೆಯ ಗೊಬ್ಬರ. ಒಣ ಎಲೆ, ಕಸಕಡ್ಡಿ, ಸೆಗಣಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ ಒಳಗೊಳಗೇ ಹೊಗೆಯಾಡುತ್ತ ನಾಲ್ಕು ದಿನ ಬೇಯುತ್ತದೆ. ಆರಿದ ಮೇಲೆ ಅದನ್ನು ತರಕಾರಿಯ ಬುಡಕ್ಕೆ, ಮಲ್ಲಿಗೆಯ ಬುಡಕ್ಕೆ ಹಾಕುತ್ತಾರೆ. ಕಾಕ ಹಳೆಯ ಬಸಳೆ ಬುಡಗಳನ್ನು ಒಂದೂ ಬಿಡದೆ ಅದರೊಳಗೆ ಸುಟ್ಟಿದ್ದರು. ನಾನು ಮೆಚ್ಚಿ ತಲೆಯಾಡಿಸಿದೆ. ಆದರೂ ಹುಳ ಏಕೆ ಹೋಗುತ್ತಿಲ್ಲ ಎಂಬುದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ; ಬೇವಿನ ಹಿಂಡಿಯ ಪ್ರಮಾಣ ಹೆಚ್ಚಿಸಿ ಎಂದು ಹೇಳಿ ಬಂದೆ. ಉತ್ತರ ಇಲ್ಲದಾಗ ಪ್ರಮಾಣ ಹೆಚ್ಚಿಸುವುದು ನಮ್ಮಂಥವರ ಅಭ್ಯಾಸ.

ಮೇಲಧಿಕಾರಿಗಳಿಗೆ ನಾನು ಬರೆದ ಟಿಪ್ಪಣಿ ಒಂದು ಉಪಕಾರ ಮಾಡಿತು. ಬಸಳೆಯಲ್ಲಿ ಈ ಹುಳ ಎಲ್ಲೆಲ್ಲಿ ಇದೆ ಎಂದು ಸಮೀಕ್ಷೆ ಮಾಡಲು ಅನುಮತಿ ಸಿಕ್ಕಿತು. ಜನವರಿಯಲ್ಲಿ ಕೊಕ್ಕಡದಿಂದ ಕನ್ಯಾನದವರೆಗೆ ಸಿಕ್ಕ ಬಸ್ಸಿನಲ್ಲಿ ಅಲೆದೆ. ಬಸಳೆ ಚಪ್ಪರ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಗಂಟಿಲ್ಲದ ಬೇರು ಇನ್ನೂ ಕಡಿಮೆ.

ಮೂಡಬಿದಿರೆಯ ಆಚೆ, ಬಸದಿಯ ದಾರಿಯಲ್ಲಿ ಸ್ವಲ್ಪ ಒಳಗೆ ಹೋದರೆ ಒಂದು ಜೈನರ ಮನೆ. ಅಲ್ಲಿನ ಅಮ್ಮ ಅರುವತ್ತು ದಾಟಿದವರು, ದಿನಾ ಬೆಳಿಗ್ಗೆ ಬಸದಿಗೆ ಹೂವು ಒಯ್ದು ಕೊಟ್ಟು ಬಂದ ಮೇಲೆಯೇ ಬೇರೆ ಕೆಲಸ. ಅವರ ಬಾವಿಕಟ್ಟೆಯ ಪಕ್ಕದ ಬಸಳೆ ಚಪ್ಪರ ನೋಡಿ ನಾನು ಛತ್ರಿ ಮಡಚುವುದನ್ನೇ ಮರೆತೆ. ಎಲೆ ಒಂದೊಂದು ಅಂಗೈಗಿಂತ ಅಗಲ, ದಂಟು ಹೆಬ್ಬೆರಳಿನ ದಪ್ಪ.

"ಎಷ್ಟು ವರ್ಷ ಆಯ್ತು ಅಮ್ಮ, ಈ ಜಾಗದಲ್ಲಿ?"

"ಇಪ್ಪತ್ತಾಗಿರಬಹುದು. ಚಪ್ಪರದ ಕಂಬ ಬದಲಾಗಿದೆ, ಬಸಳೆ ಬದಲಾಗಿಲ್ಲ" ಎಂದರು. ಸರಕಾರಿ ಕಚೇರಿಯವರೊಡನೆ ಅವರದ್ದು ನಿಧಾನದ, ಪುಸ್ತಕದಂಥ ಕನ್ನಡ.

"ಒಂದೇ ಜಾಗದಲ್ಲಿ ಹಾಕಬಾರದು. ಹಳೆಯ ಬೇರು ಏನು ಮಾಡ್ತೀರಿ? ಸುಡ್ತೀರಾ?"

"ಅಲ್ಲೇ ಬುಡದಲ್ಲಿ ಬಿಡ್ತೇವೆ. ನಮ್ಮ ಹಿತ್ತಿಲಲ್ಲಿ ಮಣ್ಣಿಗೆ ಬೆಂಕಿ ಇಲ್ಲ." ಹಿಂದೊಮ್ಮೆ ಆಳುಗಳು ಸುಡುಮಣ್ಣು ಮಾಡಿದ್ದಾಗ ಬೂದಿಯೊಳಗೆ ಬಸವನಹುಳಗಳ ಸುಟ್ಟ ಚಿಪ್ಪುಗಳನ್ನು ಕಂಡಿದ್ದರಂತೆ. ಅಂದಿನಿಂದ ವ್ರತ. ಅವರ ಧರ್ಮದವರೆಲ್ಲ ಹೀಗೆ ಮಾಡುತ್ತಾರೆಂದಲ್ಲ, ಇದು ತನ್ನದು ಮಾತ್ರ ಎಂದೂ ಹೇಳಿದರು.

ನಾನು ಅವರಿಗೆ ಕರಪತ್ರ ಕೊಟ್ಟು, ಅದರ ಎರಡು ಸಾಲುಗಳ ಕೆಳಗೆ ಪೆನ್ನಿನಿಂದ ಗೆರೆ ಎಳೆದು, ನೀವು ಮಾಡುತ್ತಿರುವುದು ಎರಡೂ ತಪ್ಪು ಎಂದು ವಿವರಿಸಿದೆ. ಅವರು ನಗುತ್ತ ಕೇಳಿಸಿಕೊಂಡರು. ಬೇರು ತೋಡಿ ನೋಡಿದಾಗ ಗಂಟು ಇತ್ತು, ಆದರೆ ಅಲ್ಲೊಂದು ಇಲ್ಲೊಂದು. ಅದೃಷ್ಟ ಇರಬೇಕು ಎಂದುಕೊಂಡು, ನಿಯಮದಂತೆ ಒಂದು ಲಕೋಟೆ ಮಣ್ಣು, ನಾಲ್ಕು ಬೇರು ತೆಗೆದುಕೊಂಡು ಬಂದೆ. ಇಷ್ಟು ಕಣ್ಣೆದುರು ಇದ್ದರೂ ಕಾಣದವಳನ್ನು ಏನೆನ್ನಬೇಕೋ ತಿಳಿಯದು.

ಮಣ್ಣಿನಿಂದ ಹುಳ ತೆಗೆಯುವ ವಿಧಾನ ಸುಲಭ. ಜರಡಿಯ ಮೇಲೆ ತೆಳು ಕಾಗದ ಹಾಸಿ ಮಣ್ಣು ಹರಡಬೇಕು. ಅದನ್ನು ನೀರು ತುಂಬಿದ ಆಲಿಕೆಯ ಮೇಲೆ ಇಟ್ಟರೆ ಜೀವವಿರುವ ಹುಳಗಳು ಕಾಗದ ದಾಟಿ ಕೆಳಗಿಳಿಯುತ್ತವೆ. ಆಲಿಕೆಯ ತುದಿಯ ರಬ್ಬರ್ ಕೊಳವೆಗೆ ಕ್ಲಿಪ್ಪು ಹಾಕಿದ್ದು, ಮರುದಿನ ಅದನ್ನು ಸಡಿಲಿಸಿ ನಾಲ್ಕು ಹನಿ ನೀರು ಹಿಡಿದರೆ ಸಾಕು. ಮೂಡಬಿದಿರೆಯ ಹನಿಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟೆ. ಮರಿಹುಳಗಳಿದ್ದವು. ಆದರೆ ಚುರುಕಾಗಿ ಓಡಾಡಬೇಕಾದವು ಬಳಲಿದಂತೆ ಹೊರಳುತ್ತಿದ್ದವು, ಮೈಮೇಲೆಲ್ಲ ಕೊಳೆ.

ಗಾಜು ತೊಳೆದೆ. ನೀರು ಬದಲಿಸಿದೆ. ಹೊಸ ಕಾಗದ, ಹೊಸ ಮಣ್ಣು. ಎರಡನೇ ದಿನವೂ ಅದೇ ಕೊಳೆ. ಮೂರನೇ ದಿನ ದೊಡ್ಡ ಮಸೂರಕ್ಕೆ ತಿರುಗಿಸಿ ನೋಡಿದಾಗ ಕೊಳೆಗೆ ಆಕಾರ ಇತ್ತು. ಎಲ್ಲವೂ ದುಂಡಗೆ, ಎಲ್ಲವೂ ಒಂದೇ ಅಳತೆ. ನಡುವೆ ಕಪ್ಪು ಬೊಟ್ಟು, ಸುತ್ತ ತೆಳುವಾದ ಅಂಚು. ಹುಲ್ಲಿನಲ್ಲಿ ನಡೆದಾಗ ಸೀರೆಯ ಅಂಚಿಗೆ ಹಿಡಿಯುವ ಬೀಜಗಳಂತೆ ಹುಳದ ಚರ್ಮಕ್ಕೆ ಅಂಟಿಕೊಂಡಿದ್ದವು. ತರಬೇತಿಯಲ್ಲಿ ಒಮ್ಮೆ ಮಾತ್ರ ಚಿತ್ರದಲ್ಲಿ ನೋಡಿದ್ದ ಬ್ಯಾಕ್ಟೀರಿಯಾದ ಬೀಜಕಣಗಳು. ಮಣ್ಣಿನಲ್ಲಿ ಸುಮ್ಮನೆ ಬಿದ್ದಿರುತ್ತವೆ, ಹುಳ ಪಕ್ಕದಿಂದ ಹಾದಾಗ ಅಂಟಿಕೊಳ್ಳುತ್ತವೆ, ಹುಳ ಬೇರಿನೊಳಗೆ ಹೋಗಿ ಕುಳಿತ ಮೇಲೆ ಅದರ ಮೈಯೊಳಗೆ ಇಳಿಯುತ್ತವೆ.

ಗಡಿಬಿಡಿಯಿಂದ ಅಮ್ಮನ ಬೇರಿನ ಗಂಟು ಸೀಳಿ, ಒಂದು ಹೆಣ್ಣುಹುಳವನ್ನು ಗಾಜಿನ ಅಡಿ ಒತ್ತಿದೆ. ಮೊಟ್ಟೆ ಬರಬೇಕಾದಲ್ಲಿ ಲಕ್ಷಗಟ್ಟಲೆ ಅವೇ ಬೊಟ್ಟುಗಳು ಹೊರಚೆಲ್ಲಿದವು. ಇನ್ನೊಂದರಲ್ಲಿ ಇನ್ನೂ ಬಲಿಯದ, ಹೂಕೋಸಿನ ಗೊಂಚಲಿನಂಥವು. ಆ ಹುಳ ಬದುಕಿತ್ತು, ದಷ್ಟಪುಷ್ಟವಾಗಿಯೂ ಇತ್ತು, ಆದರೆ ಒಂದು ಮೊಟ್ಟೆ ಇರಲಿಲ್ಲ. ಕೋಣೆಯಲ್ಲಿ ನಾನೊಬ್ಬಳೇ. ಹೇಳಿಕೊಳ್ಳಲು ಯಾರೂ ಇಲ್ಲದೆ ಫ್ಯಾನಿನ ಎದುರು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಉಳಿದ ಬೇರು ಮತ್ತು ಮಣ್ಣನ್ನು ಖಚಿತಪಡಿಸಿಕೊಳ್ಳಲು ದೊಡ್ಡ ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳಿಸಿದೆ. ಉತ್ತರ ಬರುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಮತ್ತೆ ಮೂಡಬಿದಿರೆಗೆ ಹೋಗಿ ಅಮ್ಮನಲ್ಲಿ ಒಂದು ಗೋಣಿ ಮಣ್ಣು ಕೇಳಿದೆ. ಬಸಳೆ ಬುಡದ ಕಪ್ಪುಮಣ್ಣನ್ನು ಅವರೇ ನಿಂತು ತುಂಬಿಸಿ ಕೊಟ್ಟರು.

"ಒಂದು ಮಾತು. ಯಾರಿಗೇ ಕೊಡಿ, ಇದಕ್ಕೆ ಬೆಂಕಿ ತೋರಿಸಬಾರದು."

"ಇಲ್ಲಮ್ಮ" ಎಂದೆ. ಗೋಣಿಯನ್ನು ಜೀಪಿನಲ್ಲಿ ಪುಂಜಾಲಕಟ್ಟೆಗೆ ಒಯ್ದು ಕಾಕನಿಗೆ ಒಪ್ಪಿಸಿ, ಹೊಸದಾಗಿ ನೆಡುವ ಎರಡು ಸಾಲಿನ ಗುಂಡಿಗಳಿಗೆ ಗೊಬ್ಬರದಂತೆ ಹಾಕಿ ಎಂದೆ. ಅಮ್ಮನ ಮಾತನ್ನು ಮಾತ್ರ ದಾಟಿಸಲಿಲ್ಲ. ಅದು ವ್ರತದ ಮಾತು, ಕೆಲಸದ ಮಾತಲ್ಲ ಎಂದು ನನ್ನ ಎಣಿಕೆ.

ಮಾರ್ಚಿನಲ್ಲಿ ಆ ಎರಡು ಸಾಲಿನ ಮಣ್ಣು ತರಿಸಿ ಪರೀಕ್ಷಿಸಿದೆ. ಹುಳಗಳು ಮಿಂದು ಬಂದವರ ಹಾಗೆ ಶುಭ್ರವಾಗಿದ್ದವು. ಒಂದರ ಮೈಮೇಲೂ ಒಂದು ಚುಕ್ಕಿ ಇಲ್ಲ. ಅದೇ ವಾರ ಪ್ರಯೋಗಾಲಯದ ಪತ್ರವೂ ಬಂತು. ನೀವು ಕಂಡದ್ದು ಅದೇ ಬ್ಯಾಕ್ಟೀರಿಯಾ ಹೌದು. ಆದರೆ ಒಂದು ಊರಿನದ್ದು ಇನ್ನೊಂದು ಊರಿನ ಹುಳಕ್ಕೆ ಅಂಟಿಕೊಳ್ಳದೆಯೂ ಇರಬಹುದು, ಎಚ್ಚರಿಕೆ ಎಂದು ಬರೆದಿದ್ದರು. ನನ್ನ ಸೋಲಿಗೆ ಅಚ್ಚುಕಟ್ಟಾದ ಕಾರಣ ಸಿಕ್ಕಿತು. 'ಪುಂಜಾಲಕಟ್ಟೆಯ ಹುಳಕ್ಕೆ ಹೊಂದುವುದಿಲ್ಲ' ಎಂದು ದಾಖಲೆ ಪುಸ್ತಕದಲ್ಲಿ ಬರೆದು, ಕಾಕನಿಗೆ ಹಾಗೇ ಹೇಳಿದೆ.

ಅವರು ಸಿಟ್ಟಾಗಲಿಲ್ಲ. "ನೀವು ನಿಮ್ಮ ಕೆಲಸ ಮಾಡಿದ್ದೀರಿ ಮೇಡಂ. ಭಾವನಿಗೆ ಕಾಗದ ಬರೀತೇನೆ, ವಿಸಾ ನೋಡು ಅಂತ" ಎಂದರು. ಅವರು ಹೋದ ಮೇಲೆ ನನಗೆ ಏನೂ ಕೆಲಸ ಮಾಡಲಾಗಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು.

ಸಮೀಕ್ಷೆಯ ಕೊನೆಯ ಅಳತೆಗೆಂದು ಮತ್ತೊಮ್ಮೆ ಆ ಜಾಗಕ್ಕೆ ಹೋದವಳು ಗುಂಡಿಯೊಂದನ್ನು ಕೆದಕಿದೆ. ನಾನು ತಂದುಕೊಟ್ಟದ್ದು ಕಪ್ಪುಮಣ್ಣು. ಕೈಗೆ ಬಂದದ್ದು ಇಟ್ಟಿಗೆ ಬಣ್ಣದ ಹುಡಿ, ನಡುವೆ ಇದ್ದಲಿನ ಚೂರು.

"ಕಾಕ, ಆ ಗೋಣಿಯ ಮಣ್ಣು ಇಲ್ಲಿಗೇ ಹಾಕಿದ್ದಾ?"

"ಇಲ್ಲಿಗೇ."

"ಇದು ಯಾಕೆ ಕೆಂಪಾಗಿದೆ?"

"ಸುಟ್ಟದ್ದಲ್ವಾ ಮೇಡಂ. ಅಷ್ಟು ದೂರದಿಂದ ತಂದ ಮಣ್ಣು, ಬಸಳೆಗೆ ಹಸಿಯಾಗಿ ಹಾಕ್ಲಿಕ್ಕೆ ಆಗ್ತದಾ? ಬೇರೆಯೇ ರಾಶಿ ಹಾಕಿ, ನಾಲ್ಕು ದಿನ ಹೊಗೆ ಕೊಟ್ಟು ಚಂದ ಸುಟ್ಟಿದ್ದೇನೆ." ಜೇಬಿನಿಂದ ಕರಪತ್ರ ತೆಗೆದು, 'ಸುಟ್ಟುಹಾಕಬೇಕು' ಎಂಬ ನನ್ನದೇ ಸಾಲನ್ನು ನನಗೆ ತೋರಿಸಿದರು.

ನಾನು ಚಪ್ಪರದ ಕಂಬಕ್ಕೆ ಒರಗಿ ಕುಳಿತೆ. ಮೊದಲು ನಗು ಬಂತು, ಆಮೇಲೆ ನಾಚಿಕೆ. ಹುಳ ಹೊಂದದೆ ಇದ್ದದ್ದಲ್ಲ, ಬ್ಯಾಕ್ಟೀರಿಯಾ ಬೆಂದು ಹೋಗಿದ್ದದ್ದು. ಬಿಸಿಲು, ಒಣಹವೆ ಎಲ್ಲ ತಾಳಿಕೊಳ್ಳುವ ಬೀಜಕಣ ಅದು. ನಾಲ್ಕು ದಿನದ ಕೆಂಡವನ್ನು ಹೇಗೆ ತಾಳೀತು? ಅಲ್ಲಿಗೆ ಇನ್ನೊಂದೂ ಅರ್ಥವಾಯಿತು. ಅಮ್ಮನ ಹಿತ್ತಿಲಿನಲ್ಲಿ ಇಪ್ಪತ್ತು ವರ್ಷ ಒಂದೇ ಬಸಳೆ, ಒಂದೇ ಹುಳ, ಸುಡದೆ ಬಿಟ್ಟ ಬೇರು. ಬೀಜಕಣ ತುಂಬಿದ ಹೆಣ್ಣುಹುಳಗಳು ಅಲ್ಲೇ ಕೊಳೆತು, ವರ್ಷದಿಂದ ವರ್ಷಕ್ಕೆ ಆ ಮಣ್ಣಿನಲ್ಲಿ ಬೀಜಕಣ ಹೆಚ್ಚಿತ್ತು. ಉಳಿದವರೆಲ್ಲ ಹುಳವನ್ನು ಸುಡಲು ಹೋಗಿ ಹುಳದ ವೈರಿಯನ್ನೂ ಸುಡುತ್ತಿದ್ದರು. ಸುಟ್ಟ ಮಣ್ಣಿನ ಗುಂಡಿಗೆ ಅಕ್ಕಪಕ್ಕದಿಂದ ಹುಳ ಬೇಗ ಮರಳುತ್ತದೆ, ವೈರಿ ಮರಳುವುದಿಲ್ಲ. ಹಾಗೆ ಮಾಡಿ ಎಂದು ಅಚ್ಚುಹಾಕಿ ಹಂಚಿದವಳು ನಾನು.

ಅಮ್ಮನ ಹತ್ತಿರ ಮತ್ತೆ ಮಣ್ಣು ಕೇಳಲೇಬೇಕಿತ್ತು. ಹಳೆಯದು ಸಾಲಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ಬಸ್ಸಿನಲ್ಲಿ ಸಿದ್ದಕಟ್ಟೆ ದಾಟುವವರೆಗೂ ಅದೇ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಅಂಗಳಕ್ಕೆ ಕಾಲಿಟ್ಟು, ಅವರು ಮಜ್ಜಿಗೆ ತಂದು ಕೊಟ್ಟಾಗ ಸುಳ್ಳು ಹೇಳಲಾಗಲಿಲ್ಲ. ನಡೆದದ್ದು ನಡೆದಂತೆ ಹೇಳಿದೆ.

ಅವರು ಮಜ್ಜಿಗೆಯ ಲೋಟ ತೆಗೆದು ಬದಿಗಿಟ್ಟರು. ಆಮೇಲೆ, "ಬೆಂಕಿ ತೋರಿಸಬಾರದು ಅಂತ ಅವರಿಗೆ ನೀವು ಹೇಳಿದ್ರಾ?" ಎಂದರು.

"ಇಲ್ಲ."

"ಯಾಕೆ?"

"ಅದು ನಿಮ್ಮ ವ್ರತಕ್ಕೆ ಸಂಬಂಧಿಸಿದ್ದು, ಕೆಲಸಕ್ಕೆ ಬೇಕಾದ ಮಾತಲ್ಲ ಅಂತ ಎಣಿಸಿದೆ ಅಮ್ಮ."

ಅಲ್ಲಿಂದ ಅವರು ತುಳುವಿಗೆ ಹೊರಳಿದರು. ಕಚೇರಿಯ ಕನ್ನಡ ಮುಗಿಯಿತು, ಇನ್ನು ನೇರ ಮಾತು ಎಂದು ನನಗೆ ತಿಳಿಯಿತು. ಆ ಚುಕ್ಕಿ ಹುಳವನ್ನು ಕೊಲ್ಲುತ್ತದೆಯೇ ಎಂದು ಕೇಳಿದರು. ಈ ಪ್ರಶ್ನೆ ಬರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಹೆಣ್ಣುಹುಳ ಕೂಡಲೇ ಸಾಯುವುದಿಲ್ಲ, ತನ್ನ ಆಯುಸ್ಸನ್ನು ಹೆಚ್ಚುಕಡಿಮೆ ಬದುಕುತ್ತದೆ, ಆದರೆ ಅದಕ್ಕೆ ಸಂತಾನ ಇಲ್ಲ ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಮರಿಗಳ ಮೈಮೇಲೆ ತುಂಬ ಅಂಟಿಕೊಂಡರೆ ಅವು ಬೇರು ಮುಟ್ಟಲಾರದೆ ಹಸಿವಿನಿಂದ ಸಾಯುವುದೂ ಉಂಟು ಎಂದು ಅದನ್ನೂ ಹೇಳಿದೆ. ಒಮ್ಮೆ ಮುಚ್ಚಿಟ್ಟು ಆಗಿತ್ತು.

ಅವರು ಬಸಳೆ ಚಪ್ಪರದ ಕಡೆ ನೋಡುತ್ತ ಕುಳಿತರು. ಅವರು ಬೇಡ ಎಂದರೆ ಕಾಕನ ಮೂವತ್ತು ಸೆಂಟ್ಸು ಮುಗಿದ ಹಾಗೆ. ಅಂಥ ಮಣ್ಣು ಬೇರೆಲ್ಲೂ ನಾನು ಕಂಡಿರಲಿಲ್ಲ.

"ನಾನು ಮಾಡಿಸಿದ್ದಲ್ಲ, ತಡೆದದ್ದೂ ಅಲ್ಲ" ಎಂದರು ಕೊನೆಗೆ. "ಮಣ್ಣಿನೊಳಗೆ ಅವು ಹೇಗೋ ಒಂದಕ್ಕೊಂದು ಹೊಂದಿಕೊಂಡು ಇವೆ. ಅವರು ವಿಷ ಹಾಕುವುದಿಲ್ಲ, ಸುಡುವುದಿಲ್ಲ ಅಂತಾದರೆ ತೆಗೆದುಕೊಂಡು ಹೋಗು. ಆದರೆ ಆ ಮಾತು ಅವರೇ ಬಂದು ಹೇಳಬೇಕು. ನಿನ್ನ ಬಾಯಿಂದ ಬೇಡ. ನೀನು ಒಮ್ಮೆ ಹೇಳದೆ ಬಿಟ್ಟವಳು."

ಆ ಭಾನುವಾರ ಕಾಕ ಇಸ್ತ್ರಿ ಹಾಕಿದ ಅಂಗಿ ತೊಟ್ಟು ನನ್ನೊಡನೆ ಬಂದರು. ಅಂಗಳದಲ್ಲಿ ನಿಂತು, "ತಪ್ಪಾಯ್ತು ಅಮ್ಮ. ಗೊತ್ತಿರ್ಲಿಲ್ಲ. ಇನ್ನು ಆ ಜಾಗದಲ್ಲಿ ಬೆಂಕಿಯೂ ಇಲ್ಲ, ಗುಳಿಗೆಯೂ ಇಲ್ಲ" ಎಂದರು.

"ಮನೆಯವರ ಹತ್ತಿರ ಕೇಳಿ ಹೇಳ್ತಾ ಇದ್ದೀರಾ?"

"ಅವಳೇ ಕಳಿಸಿದ್ದು."

ಅಮ್ಮ ನಕ್ಕರು. ಬೇಸಗೆಗೆ ತೆಗೆಯಬೇಕಿದ್ದ ಹಳೆಯ ಬುಡಗಳಲ್ಲಿ ಅರ್ಧ ನಮಗೆ, ಅರ್ಧ ಅವರ ಮಣ್ಣಿಗೆ ಎಂದು ತೀರ್ಮಾನವಾಯಿತು.

ಈ ಸಲ ನಾನು ಆತುರ ಪಡಲಿಲ್ಲ. ಬೇರುಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಮನೆಯಿಂದ ತಂದ ಕಾಫಿಬೀಜದ ಗಿರಣಿಯಲ್ಲಿ ಹುಡಿ ಮಾಡಿದೆ. ಮೊದಲ ಕೆಲಸ, ಕಾಕನ ಹುಳಕ್ಕೆ ಇದು ಹೊಂದುತ್ತದೆಯೇ ಎಂದು ನೋಡುವುದು. ಅವರ ಜಾಗದ ಮರಿಹುಳಗಳಿದ್ದ ನೀರಿಗೆ ಚಿಟಿಕೆ ಹುಡಿ ಹಾಕಿ, ಮೇಜಿನ ಮೇಲಿಟ್ಟು ಆಗಾಗ ಕದಡಿದೆ. ಮರುದಿನ ಕಣ್ಣಿಟ್ಟು ನೋಡಿದಾಗ ಮೊದಲ ಹುಳ ಶುಭ್ರ, ಎರಡನೆಯದು ಶುಭ್ರ. ಮೂರನೆಯದರ ಕುತ್ತಿಗೆಯ ಬಳಿ ಒಂದು ಬೊಟ್ಟು. ಆಮೇಲಿನದರ ಮೇಲೆ ನಾಲ್ಕು. ಎಲ್ಲಕ್ಕೂ ಅಲ್ಲ, ಆದರೆ ಅಂಟುತ್ತಿತ್ತು. ದಾಖಲೆ ಪುಸ್ತಕದ ಹಳೆಯ ಸಾಲನ್ನು ಹೊಡೆದುಹಾಕಿ, 'ಹೊಂದುತ್ತದೆ' ಎಂದು ಬರೆದೆ.

ಅಂಟಿಸಿಕೊಂಡ ಹುಳಗಳನ್ನು ಟೊಮೆಟೊ ಸಸಿಗಳ ಬುಡಕ್ಕೆ ಬಿಟ್ಟೆ. ಈ ಬ್ಯಾಕ್ಟೀರಿಯಾವನ್ನು ಬಾಟಲಿಯಲ್ಲಿ ಬೆಳೆಸಲು ನನಗೆ ಗೊತ್ತಿದ್ದ ದಾರಿ ಇರಲಿಲ್ಲ. ಹುಳದೊಳಗೇ ಬೆಳೆಯಬೇಕು, ಹುಳಕ್ಕೆ ಬೇರು ಬೇಕು. ಕಚೇರಿಯ ಹಿಂದಿನ ಜಗಲಿಯಲ್ಲಿ ಕುಂಡಗಳ ಸಾಲು ಇಟ್ಟು, 'ಹುಳದ ಮೇಡಂ' ಎಂಬ ಹೆಸರನ್ನು ಪೂರ್ತಿ ಸಾರ್ಥಕ ಮಾಡಿಕೊಂಡೆ. ತಪಾಸಣೆಗೆ ಬಂದ ಮೇಲಧಿಕಾರಿಗಳು ಬೇರು ಎತ್ತಿ ನೋಡಿ, ರೋಗ ಹೋಗಲಾಡಿಸಲು ಸಂಬಳ ಕೊಟ್ಟರೆ ನೀವು ರೋಗ ಬೆಳೆಸುತ್ತಿದ್ದೀರಲ್ಲ ಎಂದರು. ಗದರಿದರೋ ತಮಾಷೆಯೋ ತಿಳಿಯಲಿಲ್ಲ. ನಿಲ್ಲಿಸಿ ಎನ್ನಲಿಲ್ಲ, ಅಷ್ಟೇ ಸಾಕಿತ್ತು.

ಬೇರು ಕೀಳುವ ಹೊತ್ತಿಗೆ ಜೂನ್ ಬಂತು. ನಮ್ಮ ಮಳೆಗಾಲದಲ್ಲಿ ಬೇರು ಒಣಗಿಸುವುದು ಹೇಗೆ? ಎರಡು ದಿನ ಬಿಟ್ಟರೆ ಬೂಸು. ಒಲೆಯ ಮೇಲಿನ ಅಟ್ಟ ನೆನಪಾಯಿತು, ಕೂಡಲೇ ಅಮ್ಮನ ಮುಖವೂ ನೆನಪಾಯಿತು. ಹಳೆಯ ಪೇಪರಿನ ಮೇಲೆ ಹರಡಿ ಟೇಬಲ್ ಫ್ಯಾನು ತಿರುಗಿಸಿದೆ. ಕರೆಂಟು ಹೋದಾಗ ಫೈಲಿನಿಂದ ಗಾಳಿ ಹಾಕಿದ್ದೂ ಉಂಟು. ಒಂದು ಪಾಲು ಬೂಸು ಹಿಡಿದು ಹಾಳಾಯಿತು. ಉಳಿದ ಹುಡಿ ಎರಡು ಹಾರ್ಲಿಕ್ಸ್ ಬಾಟಲಿ ತುಂಬಿತು.

ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಕಾಕ, ಅವರ ಮನೆಯವರು ಮತ್ತು ನಾನು ಸೇರಿ ಎಲ್ಲ ಗುಂಡಿಗಳಿಗೂ ಹುಡಿ ಅಳೆದು ಹಾಕಿದೆವು. ಮೇಲೆ ಬಸಳೆಯ ದಂಟು ನೆಟ್ಟೆವು. ಬೇಲಿಯ ಪಕ್ಕದಲ್ಲಿ ಸುಡುಮಣ್ಣಿನ ರಾಶಿ ಇರಲಿಲ್ಲ. ಅದೇ ತಿಂಗಳು ಗಲ್ಫಿನಿಂದ ಭಾವ ವಿಸಾ ಕಳಿಸಿದರು. ವರ್ಷ ಮುಗಿಯುವುದರೊಳಗೆ ಹೊರಡಬೇಕಿತ್ತು.

ಇಲ್ಲಿಂದ ಮುಂದಿನದು ಕಷ್ಟದ ಭಾಗ. ಈ ಬ್ಯಾಕ್ಟೀರಿಯಾ ನಿಧಾನದ್ದು. ಮೊದಲ ವರ್ಷವೇ ಅಮ್ಮನ ಚಪ್ಪರದಂಥ ಚಪ್ಪರ ಬರುತ್ತದೆಂದು ಹೇಳುವ ಧೈರ್ಯ ನನಗಿರಲಿಲ್ಲ. ಡಿಸೆಂಬರಿನಲ್ಲಿ ಬಳ್ಳಿ ಹಸಿರಾಗಿತ್ತು. ಆದರೆ ಎರಡನೇ ತಿಂಗಳು ಅದು ಯಾವಾಗಲೂ ಹಸಿರೇ. ಕುಸಿಯುವುದು ಮೂರನೆಯದರಲ್ಲಿ. ಅಷ್ಟರಲ್ಲಿ ವಿಸಾದ ಗಡುವು ಮುಗಿಯುತ್ತದೆ.

ಕಾಕ ಕಚೇರಿಗೆ ಬಂದು ಕುಳಿತರು. "ನನ್ನ ಜಾಗದಲ್ಲಿ ನೀವಿದ್ರೆ ಎಂತ ಮಾಡ್ತಿದ್ರಿ ಮೇಡಂ?"

ಉಳಿಯಿರಿ ಎನ್ನಲು ನಾಲಿಗೆ ತುದಿಗೆ ಬಂತು. ತಪ್ಪಿದರೆ ಅನುಭವಿಸುವವಳು ನಾನಲ್ಲ. "ಅದನ್ನು ನಾನು ಹೇಳಬಾರದು ಕಾಕ. ಹೇಳಿದರೆ ಇನ್ನೊಂದು ಕರಪತ್ರ ಕೊಟ್ಟ ಹಾಗಾಗ್ತದೆ. ನಿಮ್ಮ ಮಣ್ಣಿನ ಹುಳ ಇವತ್ತು ಇಳಿಸಿದ್ದೇನೆ, ನಾನೂ ಇನ್ನೂ ನೋಡಲಿಲ್ಲ. ಮೊದಲು ನೀವೇ ನೋಡಿ" ಎಂದು ಸ್ಟೂಲು ಸರಿಸಿದೆ.

ಅವರು ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ಬಾಗಿದರು. ನಾನು ಅವರ ಬೆರಳನ್ನು ತಿರುಪಿನ ಮೇಲಿಟ್ಟೆ. ಅವರು ಅದನ್ನು ನಿಧಾನವಾಗಿ ಆಚೆ ಈಚೆ ತಿರುಗಿಸಿದರು.

"ಅಂಗಿಗೆ ಗುಂಡಿ ಹೊಲಿದ ಹಾಗೆ ಉಂಟು" ಎಂದರು.

"ಎಷ್ಟು ಗುಂಡಿ?"

"ಇದಕ್ಕೆ ಆರು. ಆಚೆದಕ್ಕೆ ಮೂರು. ಒಂದಕ್ಕೆ ಇಲ್ಲ. ಮತ್ತೊಂದಕ್ಕೆ ಎಣಿಸ್ಲಿಕ್ಕೆ ಆಗುದಿಲ್ಲ ಮಾರಾಯ್ರೆ."

ನಾನೂ ನೋಡಿದೆ. ಅವರು ಹೇಳಿದ ಹಾಗೇ ಇತ್ತು. ಸುಡದ ಮಣ್ಣಿನಲ್ಲಿ ಅದು ಬದುಕಿತ್ತು, ಕೆಲಸ ಮಾಡುತ್ತಿತ್ತು. ನನ್ನ ಕಣ್ಣು ತೇವವಾಗಿ ಮಸೂರ ಮಂಜಾಯಿತು, ಒರೆಸಿಕೊಂಡು ಮತ್ತೆ ನೋಡಿದೆ. ಕಾಕ ಟೊಪ್ಪಿ ಹಾಕಿಕೊಂಡು, ಯೋಚಿಸಿ ಹೇಳ್ತೇನೆ ಎಂದು ಎದ್ದರು. ಎರಡು ವಾರ ಸುದ್ದಿ ಇಲ್ಲ. ವರ್ಷ ಮುಗಿಯಿತು. ಕೇಳಿ ಕಳಿಸಲು ನನಗೆ ಹೆದರಿಕೆ.

ಜನವರಿ ಮೊದಲ ವಾರ ಮೂಡಬಿದಿರೆಗೆ ಹೋಗಿದ್ದೆ. ಅಮ್ಮನ ಜಗಲಿಯಲ್ಲಿ ಬಸಳೆಯ ಒಂದು ದೊಡ್ಡ ಕಟ್ಟು ಇತ್ತು, ಅವರ ಚಪ್ಪರದ್ದಲ್ಲ. ನಿನ್ನೆ ಬ್ಯಾರಿಗಳು ಬಂದು ಕೊಟ್ಟು ಹೋದರು ಎಂದರು. ಅವರಿನ್ನೂ ಊರಿನಲ್ಲೇ ಇದ್ದಾರೆಂದು ನನಗೆ ತಿಳಿದದ್ದು ಹಾಗೆ. ಹುಳ ಪೂರ್ತಿ ಹೋಗಲಿಲ್ಲ, ಬೇರಿನಲ್ಲಿ ಸ್ವಲ್ಪ ಗಂಟು ಉಂಟು ಎಂದು ಅವರು ಸಂಕೋಚದಿಂದ ಹೇಳಿದರಂತೆ.

"ನೀವು ಏನೆಂದಿರಿ ಅಮ್ಮ?"

"ಇರಲಿ ಅಂದೆ. ನನ್ನದರಲ್ಲೂ ಉಂಟಲ್ಲ" ಎಂದರು. ಹುಳ ಒಂದೂ ಉಳಿಯದಿದ್ದರೆ ಬ್ಯಾಕ್ಟೀರಿಯಾವೂ ಉಳಿಯದು ಎಂದು ನಾನು ವಿವರಿಸಲು ಹೊರಟು ಸುಮ್ಮನಾದೆ. ಅವರಿಗೆ ಗೊತ್ತಿದ್ದದ್ದನ್ನೇ ನಾನು ಉದ್ದ ಮಾಡಿ ಹೇಳಿದಂತಾಗುತ್ತಿತ್ತು.

ಮೂರನೇ ತಿಂಗಳು ಬಳ್ಳಿ ಕುಸಿಯಲಿಲ್ಲ. ನಾಲ್ಕು, ಐದು. ಬೇಲಿಯ ಹತ್ತಿರದ ಒಂದು ಸಾಲು ಸೊರಗಿತು, ಉಳಿದವು ನಿಂತವು. ಕರಪತ್ರ ಮರುಮುದ್ರಣವಾಗುವ ಲಕ್ಷಣ ಇರಲಿಲ್ಲ, ಒಂದು ಜಾಗದ ಅನುಭವ ಸಾಲದು ಎಂದು ಮೇಲಿನವರು ಹೇಳಿದ್ದು ನ್ಯಾಯವೇ. ಸುಡುಮಣ್ಣು ಎಲ್ಲೆಡೆ ಕೆಟ್ಟದ್ದೆಂದು ನಾನೂ ಹೇಳಲಾರೆ. ಆದರೆ ಡ್ರಾಯರಿನಲ್ಲಿದ್ದ ಪ್ರತಿಗಳಲ್ಲೆಲ್ಲ ಕುಳಿತು 'ಸುಟ್ಟುಹಾಕಬೇಕು' ಎಂಬುದರ ಮೇಲೆ ಗೆರೆ ಎಳೆದು, 'ಮೊದಲು ಪರೀಕ್ಷೆಗೆ ತನ್ನಿ' ಎಂದು ಕೈಯಲ್ಲೇ ಬರೆದೆ.

ಮಾರ್ಚಿನ ಒಂದು ಮಧ್ಯಾಹ್ನ ಕಾಕ ಮತ್ತೆ ಪ್ಲಾಸ್ಟಿಕ್ ಚೀಲ ಹಿಡಿದು ಬಾಗಿಲಲ್ಲಿ ನಿಂತರು. ಚೀಲದಲ್ಲಿ ಬುಡಸಮೇತ ಕಿತ್ತ ಬಸಳೆ. ನಾನು ಕುರ್ಚಿಯಿಂದ ಎದ್ದೆ.

"ಏನಾಯ್ತು ಕಾಕ?"

"ಎಂತದೂ ಆಗ್ಲಿಲ್ಲ ಮೇಡಂ. ನೀವು ಎಲೆ ನಂಬುವವರಲ್ಲ, ಬೇರು ನೋಡಿದ್ರೆ ಮಾತ್ರ ನಂಬುವವರು. ಅದಕ್ಕೇ ತಂದದ್ದು."

ಬೇರು ಬಿಡಿಸಿ ನೋಡಿದೆ. ಬೆಳ್ಳಗೆ, ದಟ್ಟವಾಗಿ, ಕವಲು ಕವಲಾಗಿ ಹರಡಿತ್ತು. ಗಂಟು ಅಲ್ಲೊಂದು ಇಲ್ಲೊಂದು. ಎರಡು ಬಾರಿ ನೋಡಿದೆ, ಮೂರನೇ ಬಾರಿ ಸಂತೋಷಕ್ಕೆ ನೋಡಿದೆ. ಪರೀಕ್ಷೆಗೆ ಇಟ್ಟುಕೊಳ್ಳುತ್ತೇನೆ ಎಂದರೆ ಅವರು ಒಂದು ಕವಲು ಮಾತ್ರ ಮುರಿದು ಕೊಟ್ಟು, ಉಳಿದದ್ದನ್ನು ಚೀಲಕ್ಕೆ ತುಂಬಿದರು. ಬುಡ ಅದರ ಮಣ್ಣಿಗೇ ಹೋಗಬೇಕು, ಅಮ್ಮನಿಗೆ ಮಾತು ಕೊಟ್ಟದ್ದು ಎಂದರು.

"ಕೂತುಕೊಳ್ಳಿ ಕಾಕ, ಚಾ ತರಿಸ್ತೇನೆ."

"ಇನ್ನೊಮ್ಮೆ ಮೇಡಂ. ಈ ಬಸ್ಸು ತಪ್ಪಿದ್ರೆ ಆಗುದಿಲ್ಲ. ಸಣ್ಣವಳ ಶಾಲೆ ಬಿಡುವ ಹೊತ್ತಿಗೆ ನಾನು ಗೇಟಿನ ಹತ್ರ ಇರ್ಬೇಕು. ಒಂದು ದಿನ ತಡ ಆದದ್ದಕ್ಕೆ, ಉಪ್ಪ ಪುನಃ ವಿಮಾನ ಹತ್ತಿ ಹೋದ್ರು ಅಂತ ಕೂತು ಅತ್ತಿದ್ದಾಳೆ."

ಚೀಲವನ್ನು ಎದೆಗೆ ಒತ್ತಿ ಹಿಡಿದು, ಪುಂಜಾಲಕಟ್ಟೆಯ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತ ಅವರು ರಸ್ತೆ ದಾಟಿದರು.